ಕಾರ್ಡಿನ ಮೇಲೆ ಡಾಕ್ಟರ್

ಫೆಬ್ರುವರಿ 6, ಬೆಳಿಗ್ಗೆ
ಇವತ್ತು ಅಪ್ಪನ ಡಯಾಲಿಸಿಸ್. ನಮ್ಮೂರು ಜಡೆಯಿಂದ ಸೊರಬ, ಅಲ್ಲಿಂದ ಶಿಕಾರಿಪುರ. ಬಸ್ಸಿನಲ್ಲೇ ಇಮೇಲ್ ನೋಡಿದೆ — ಇಲ್ಲ. ಥೀಸಿಸ್ ಕೊಟ್ಟು ವರ್ಷವಾಗುತ್ತ ಬಂತು. ಒಬ್ಬ ಪರೀಕ್ಷಕರ ರಿಪೋರ್ಟ್ ಬಾರದೆ ವೈವಾ ಇಲ್ಲ, ವೈವಾ ಆಗದೆ ಡಾಕ್ಟರೇಟ್ ಇಲ್ಲ. ಗುಡವಿ ಕೆರೆಯ ಹಕ್ಕಿಗಳ ಮೇಲೆ ಬರೆದೆ. ಅವು ಮರಿ ಮಾಡಿ ಹಾರಿಹೋದವು, ನನ್ನದಿನ್ನೂ ಮೊಟ್ಟೆ!
ಮೆಷಿನ್ ಪಕ್ಕದಲ್ಲಿ ಮಲಗಿಯೂ ಅಪ್ಪನದು ಅದೇ ಮಾತು. "ನಿನ್ನ ಮದುವೆ ಕಾರ್ಡ್‌ನಾಗೆ ಹೆಸರಿನ ಮುಂದೆ ಡಾ. ಅಂತ ಇರ್ಬೇಕು ನೋಡವ್ವಾ. ಅದನ್ನ ನಾನು ನೋಡ್ಬೇಕು."
"ಮೊದ್ಲು ಗಂಡು ಸಿಗ್ಲಿ" ಅಂದೆ. ನಕ್ಕರು. ಕೆಮ್ಮು ಬಂತು.

ಫೆಬ್ರುವರಿ 19
ಕೊಯಮತ್ತೂರಿನಿಂದ ಪೋಸ್ಟ್‌ಡಾಕ್ ಸಂಶೋಧನೆಗೆ ಆಫರ್. ಜೂನ್‌ಗೆ ಸೇರಬೇಕು, ಅಷ್ಟರಲ್ಲಿ ಡಿಗ್ರಿ ಆಗಿರಬೇಕು.
"ಹೋಗು. ನನ್ನ ಮುಖ ನೋಡ್ತಾ ಕೂರಬ್ಯಾಡ" ಅಂದರು ಅಪ್ಪ. ಸಿಟ್ಟು ಬಂತು. ಇನ್ಯಾರ ಮುಖ ನೋಡಲಿ?

ಮಾರ್ಚ್ 14
ಅಪ್ಪ ಹೋಗಿ ಐದು ದಿನ. ಬರೆಯಲು ಆಗಲಿಲ್ಲ.
ಮಲ್ಲೇಶಪ್ಪ ಚಿಕ್ಕಪ್ಪ ಹನ್ನೊಂದನೇ ದಿನದ ಶಿವಗಣಾರಾಧನೆಯ ಕಾರ್ಡು ತಂದರು. ಕೆಳಗೆ ದುಃಖತಪ್ತರ ಹೆಸರುಗಳು. ಪತ್ನಿ ರಾಜೇಶ್ವರಮ್ಮ. ಮಗಳು ಡಾ. ದೀಪಶ್ರೀ.
ಕೂಗಾಡಿಬಿಟ್ಟೆ. "ಚಿಕ್ಕಪ್ಪಾ, ವೈವಾನೇ ಆಗಿಲ್ಲ! ಯಾರು ಹಾಕ್ಸಿದ್ದು ಇದನ್ನ?"
ಅವರು ಕಕ್ಕಾಬಿಕ್ಕಿ. "ಅಣ್ಣನೇ ಕಣವ್ವಾ. ಆಸ್ಪತ್ರೆನಾಗೆ ಹೇಳಿದ್ರು... ಮಗಳು ಪಾಸಾಗ್ಯಾಳೆ, ಮದುವೆ ಕಾರ್ಡು ನಾನು ನೋಡಾಂಗಿಲ್ಲ, ನನ್ನ ಕಾರ್ಡಿಗಾದ್ರೂ ಹಾಕ್ಸು ಅಂತ."
ಆಗಿಲ್ಲ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಬಸ್ಸಿನಲ್ಲಿ "ರಿಪೋರ್ಟ್ ಬಂತಾ" ಅಂತ ಕೇಳುತ್ತಿದ್ದರಲ್ಲ! ಕಾರ್ಡು ಆಗಲೇ ಊರೆಲ್ಲ ಹಂಚಿಯಾಗಿದೆ.

ಮಾರ್ಚ್ 19
ಆರಾಧನೆ ಮುಗಿಯಿತು. ಬಂದವರೆಲ್ಲ, "ಧೈರ್ಯ ತಂದ್ಕೊಳ್ರೀ ಡಾಕ್ಟ್ರೇ." ತಲೆಯಾಡಿಸಿದೆ. ಪಾಯಸ ಬಡಿಸಿದೆ. ನಾಚಿಕೆಯಾಯಿತು, ಅಳುವೂ ಬಂತು.

ಮೇ 9, ಸಂಜೆ, ಬಸ್‌ಸ್ಟ್ಯಾಂಡ್
ಕೊನೆಗೂ ವೈವಾ. ಪಾಸ್. ಗೈಡ್ ವನಜಾ ಮೇಡಂ ತಬ್ಬಿಕೊಂಡು, "ಮುಂದೇನಮ್ಮಾ?" ಅಂದರು. ಕೊಯಮತ್ತೂರು ಅಂದೆ. ಟಿಕೆಟ್ ಮಾಡಿಯಾಗಿದೆ.
ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮೆಲ್ಲಗೆ, "ಒಳ್ಳೇದಾತು. ಆದ್ರೆ ಊರಾಗೆ ಯಾರಿಗೂ ಹೇಳಬ್ಯಾಡ್ವೇ. ನಿಮ್ಮಪ್ಪನ ಮಾತು ಸುಳ್ಳಾಗ್ತದೆ."
ಸರಿ, ಹೇಳುವುದಿಲ್ಲ. ಊರಿಗಿದು ಹಳೇ ಸುದ್ದಿ. ಹೇಳಬೇಕಾದವರು ಒಬ್ಬರೇ.
ಅಪ್ಪಾ, ಇವತ್ತು...