ಗುಬ್ಬಿಗೆ ನಿಜ ಹೇಳಿದ್ದೇನೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಮಗನೇ,

ಹೇಗಿದ್ದೀಯಾ? ಸೇತುವೆ ಕೆಲಸದ ಧೂಳಿಗೆ ಹಿಡಿದಿದ್ದ ಕೆಮ್ಮು ಹೋಯಿತೇ? ತಾಯಿಯಾದವಳು ಕೇಳಬೇಕು, ಕೇಳಿದೆ. ಇನ್ನು ಬೈಯುತ್ತೇನೆ, ಕೂತು ಓದು.

ನಿನ್ನೆ ಗುಬ್ಬಿಯ ಟೀಚರ್ ನನ್ನನ್ನು ಶಾಲೆಗೆ ಕರೆಸಿದ್ದರು. ನಿನ್ನ ಮಗಳು ಗೆಳತಿಯ ಹತ್ತಿರ, "ನಮ್ಮಮ್ಮ ಟ್ರೈನಿಂಗಿಗೆ ಹೋಗಿಲ್ಲ, ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಮನೆ ಬಿಟ್ಟು ಹೋಗಿದ್ದಾಳೆ" ಅಂದಳಂತೆ. ನಿನ್ನ ಹೆಂಡತಿ ಆಸ್ಪತ್ರೆ ಸೇರಿದ ದಿನ ಬೆಳಿಗ್ಗೆ ಇವಳು ಶೂ ಹಾಕಿಕೊಳ್ಳುವುದಿಲ್ಲ ಎಂದು ರಂಪ ಮಾಡಿ, "ನೀನು ಎಲ್ಲಾದ್ರೂ ಹೋಗು, ಬರಲೇಬೇಡ" ಎಂದು ಕಿರುಚಿದ್ದಳು. ಅಮ್ಮ ಹಾಗೇ ಮಾಡಿದಳೆಂದು ಎಂಟು ವರ್ಷದ ಮಗು ಮೂರು ವಾರದಿಂದ ಒಳಗೊಳಗೇ ಬೇಯುತ್ತಿದೆ. ತಟ್ಟೆ ತಾನೇ ತೊಳೆಯುತ್ತಿದ್ದಳು, ಬಟ್ಟೆ ತಾನೇ ಮಡಚುತ್ತಿದ್ದಳು. ಎಷ್ಟು ಜಾಣೆಯಾದಳು ಎಂದು ನಾನು, ದಡ್ಡ ಮುದುಕಿ, ಹೊಲಿಗೆ ಬಿಟ್ಟು ಎದ್ದು ಬಂದು ಮುದ್ದಿಸುತ್ತಿದ್ದೆ.

"ಚಿಕ್ಕ ಮಗು ಅಮ್ಮಾ, ಅವಳಿಗೇನೂ ಹೇಳ್ಬೇಡ, ಅಮ್ಮ ಟ್ರೈನಿಂಗಿಗೆ ಹೋಗಿದ್ದಾಳೆ ಅನ್ನು" ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟೆಯಲ್ಲ, ಈಗ ನೋಡು. ನಿಮ್ಮಪ್ಪ ಹಾಸಿಗೆ ಹಿಡಿದಾಗ ನಿನ್ನನ್ನು ಅತ್ತೆಯ ಮನೆಗೆ ಕಳಿಸಿ, ಏನೂ ಆಗಿಲ್ಲ ಎಂದು ಸುಳ್ಳು ಹೇಳಿದವಳು ನಾನೇ. ಅವತ್ತಿನಿಂದ ನೀನು ನನ್ನ ಮಾತನ್ನು ಪೂರ್ತಿ ನಂಬಿಲ್ಲ. ಅದು ಗೊತ್ತಿದ್ದೂ ನೀನು ಹೇಳಿದ್ದಕ್ಕೆ ತಲೆಯಾಡಿಸಿದೆನಲ್ಲ, ಆ ಸಿಟ್ಟು ನನ್ನ ಮೇಲೂ ಇದೆ.

ಶಾಲೆಯ ಮೆಟ್ಟಿಲ ಮೇಲೆಯೇ ಕೂರಿಸಿಕೊಂಡು ಹೇಳಿಬಿಟ್ಟೆ. ಅಮ್ಮನ ರಕ್ತಕ್ಕೆ ಕಾಯಿಲೆ ಬಂದಿದೆ, ಅದಕ್ಕೆ ಕ್ಯಾನ್ಸರ್ ಅಂತಾರೆ, ನೀನು ಬೈದದ್ದಕ್ಕೆ ಬಂದದ್ದಲ್ಲ, ಯಾರು ಬೈದರೂ ಅದು ಬರುವುದಿಲ್ಲ ಎಂದೆ. "ಸತ್ತೋಗ್ತಾಳಾ ಅಜ್ಜಿ?" ಎಂದಳು. "ಗೊತ್ತಿಲ್ಲ ಪುಟ್ಟಿ. ವಾಸಿ ಮಾಡೋಕೆ ಡಾಕ್ಟರು ಔಷಧಿ ಕೊಡ್ತಿದ್ದಾರೆ. ನನಗೆ ಗೊತ್ತಾದದ್ದು ನಿನಗೂ ಹೇಳ್ತೀನಿ" ಎಂದೆ. ಅತ್ತಳು, ಮೂರು ವಾರದ ಅಳು. ಆಮೇಲೆ ಹಸಿವು ಅಂದಳು.

ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಬಿಡುವ ಮೊದಲು ನರ್ಸಮ್ಮ ಮಾಸ್ಕು ಯಾಕೆ, ಕೈಗೆ ಚುಚ್ಚಿದ ನಳಿಕೆ ಯಾಕೆ ಎಂದು ನಿಧಾನವಾಗಿ ವಿವರಿಸಿದರು. ನನ್ನ ಸೊಸೆ ಮಗಳ ಕೈ ಹಿಡಿದು, "ನಿನ್ನ ಮೇಲೆ ಸಿಟ್ಟಾ? ಒಂದು ಶೂಗಾ?" ಎಂದು ನಕ್ಕಳು. ಆ ನಗು ನೀನು ನೋಡಬೇಕಿತ್ತು. ನೀನಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಷ್ಟು ಸಿಟ್ಟಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ

ಮರೆತಿದ್ದೆ: ರಜೆ ಸಿಗುತ್ತಿಲ್ಲ ಅನ್ನುತ್ತಿದ್ದೀಯಲ್ಲ, ಇವತ್ತು ಬೆಳಿಗ್ಗೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. "ಅವರು ರಜೆ ಕೇಳೇ ಇಲ್ವಲ್ಲಮ್ಮ" ಎಂದರು ಗುಮಾಸ್ತರು. ಭಾನುವಾರ ಗುಬ್ಬಿ ನಿನಗೆ ಫೋನ್ ಮಾಡಿ, ಯಾವಾಗ ಬರ್ತೀಯಾ ಎಂದು ಕೇಳುತ್ತಾಳೆ. ಹೆದರಿಕೆ ಆಗ್ತಿದೆ ಅನ್ನು, ಅವಳಿಗೆ ಅರ್ಥವಾಗುತ್ತದೆ. ರಜೆ ಸಿಗಲಿಲ್ಲ ಅನ್ನಬೇಡ.