ದಾವೀದನ ಅರ್ಧ ಕಥೆ

ಶನಿವಾರ, ಮಾರ್ಚ್ ೧೪. ಇರ್ವಿಂಗ್, ಅಮೆರಿಕ.

ನಾಳೆ ಈ ಮನೆಯಲ್ಲೇ ಪ್ರಾರ್ಥನಾಕೂಟ. ದಾವೀದ ರಾಜನ ಬಗ್ಗೆ ನಾನು ಮಾತಾಡಬೇಕು. ಊಟಕ್ಕೆ ಕೂತಾಗ ಅಳಿಯ ದೇವದಾನ, "ಅತ್ತಿ, ದೈತ್ಯನ್ನ ಹೊಡದದ್ದಷ್ಟ ಹೇಳ್ರಿ. ಮುಂದಿಂದು ಬ್ಯಾಡ್ರಿ, ಹುಡುಗ್ರು ಕುಂತಿರ್ತಾವು" ಅಂದ. ಅಂದರೆ ದಾವೀದ ತನ್ನ ಪಾಪ ಮುಚ್ಚಲು ತನ್ನ ನಿರಪರಾಧಿ ಸೈನಿಕ ಊರೀಯನನ್ನು ಕೊಲ್ಲಿಸಿದ್ದು ಬೇಡ.

ದೇವದಾನ ಆಫೀಸಿನಲ್ಲಿ ತಾನು ಮಾಡಿದ ತಪ್ಪನ್ನು, ನಮ್ಮ ಕೂಟಕ್ಕೇ ಬರುವ ಸಹೋದ್ಯೋಗಿ ಸುಧೀರನ ಮೇಲೆ ಹಾಕಿದ. ಅದನ್ನು ಅವನು ನನ್ನ ಮಗಳಿಗೆ ಹೇಳುತ್ತಿದ್ದಾಗ ನನ್ನ ಕಿವಿಗೂ ಬಿತ್ತು. ಸುಧೀರನ ಕೆಲಸ ಹೋಯಿತು. ಇವತ್ತು ಅವನ ಹೆಂಡತಿ ಫೋನ್ ಮಾಡಿ, "ಆಂಟಿ, ನಾಳೆ ನಮ್ಮವರ ಕೆಲಸಕ್ಕ ಪ್ರಾರ್ಥನೆ ಮಾಡ್ರಿ" ಅಂದಳು. ಹೂಂ ಅಂದೆ.

ಬಸುರಿ ಮಗಳ ಮುಖ ನೋಡಿದರೆ ನಾಲಿಗೆ ಏಳುವುದಿಲ್ಲ.

ಪ್ರವಾದಿ ನಾತಾನ ರಾಜನ ಪಾಪವನ್ನು ಅವನ ಮುಖಕ್ಕೇ ಹೇಳಿ ತನ್ನ ಮನೆಗೆ ಹೋದ. ನಾನು ಹೇಳಿ ಯಾವ ಮನೆಗೆ ಹೋಗಲಿ, ಕರ್ತನೇ? ಇಲ್ಲಿ ಅಂಗಡಿಗೆ ಹೋಗಬೇಕಾದರೂ ಅಳಿಯನೇ ಕಾರು ತೆಗೆಯಬೇಕು.