ಆ ರವಿವಾರ ಕೌಂಟರಿಗೆ ಕೀಲಿ ಹಾಕಿತ್ತು

ಅಪ್ಪಾ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ನನ್ನ ಮಗಳದ್ದು ಏನಿದ್ದರೂ ನೇರ ಮಾತು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆಯಲ್ಲ, ಒಂದೇ ಒಂದು ನೇರ ಮಾತು ಹೇಳಲು ನನಗೆ ನೀನು ಹೋಗುವವರೆಗೂ ಆಗಲಿಲ್ಲ.

ನೀನು ಮಾಸ್ತರಿಕೆಯಿಂದ ನಿವೃತ್ತನಾಗಿ ಮನೆಯಲ್ಲಿ ಅವ್ವನ ತಲೆ ತಿನ್ನುತ್ತಿದ್ದೆ. ಟಿಳಕವಾಡಿಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನೇ ಡಾಕ್ಟರಿಗೆ ಹೇಳಿ ನಿನ್ನನ್ನು ಅದೇ ಲ್ಯಾಬಿನ ಖಾನಾಪುರದ ಕೌಂಟರಿನಲ್ಲಿ ಕೂರಿಸಿದೆ. ಮೊದಲ ವಾರವೇ ನೀನು ರಿಪೋರ್ಟಿನ ಕೆಳಗೆ ಕನ್ನಡ, ಮರಾಠಿ ಎರಡರಲ್ಲೂ ಸೂಚನೆ ಬರಬೇಕೆಂದು ಹಟ ಹಿಡಿದೆ. "ಬರೇ ಇಂಗ್ಲಿಷ್ ಕೊಟ್ಟು ಕಳಿಸಿದ್ರ ಮಂದಿಗೆ ಹೆಂಗ ತಿಳೀಬೇಕವಾ?" ಎಂದೆ. ಎಲ್ಲವನ್ನೂ ನೀನೇ ಟೈಪ್ ಮಾಡಿದೆ, ಒಂದೊಂದೇ ಬೆರಳಿನಲ್ಲಿ.

ನಿನಗೆ ಗೊತ್ತಿಲ್ಲದ ಒಂದು ಪತ್ರ ನನಗೆ ಬಂದಿತ್ತು. ರೋಗಿಗಳು ಡಾಕ್ಟರ ಚೀಟಿಯ ಫೋಟೊ ಹಾಕುವ ವೆಬ್ ಪುಟದಲ್ಲಿ ದೋಷವಿದೆ, ಎಲ್ಲೋ ಕುಳಿತವರು ಅದರ ಮೂಲಕ ನಿಮ್ಮ ಕಂಪ್ಯೂಟರಿನಲ್ಲಿ ತಮಗೆ ಬೇಕಾದ್ದನ್ನು ನಡೆಸಬಹುದು, ಕೂಡಲೇ ಅಪ್‌ಡೇಟ್ ಮಾಡಿ ಎಂದು ಸಾಫ್ಟ್‌ವೇರ್‌ನವರು ಬರೆದಿದ್ದರು. ಮಾಡಿ ನೋಡಿದೆ. ನಿನ್ನ ಸೂಚನೆಗಳೆಲ್ಲ ಚೌಕ ಚೌಕ ಡಬ್ಬಿಗಳಾದವು. ಹಳೆಯದನ್ನೇ ಮತ್ತೆ ಹಾಕಿ, ಮುಂದಿನ ವಾರ ಸರಿಪಡಿಸಿದರಾಯಿತು ಎಂದುಕೊಂಡೆ. ಅಂಥ ಮುಂದಿನ ವಾರಗಳು ಎಷ್ಟು ಕಳೆದವೋ! ನಿನ್ನ ಅಕ್ಷರ ಉಳಿಸಲು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ಬರೀ ಸೋಮಾರಿತನ.

ಆ ಮಂಗಳವಾರ ಲ್ಯಾಬಿನ ಕಂಪ್ಯೂಟರ್ ತೆರೆಯಲೇ ಇಲ್ಲ. ರಿಪೋರ್ಟುಗಳೆಲ್ಲ ಹೋಗಿದ್ದವು. ಜನರನ್ನು ಮತ್ತೆ ಕರೆಸಿ ರಕ್ತ ತೆಗೆಯಬೇಕಾಯಿತು. ಯಾರು ಏನು ಒತ್ತಿದಿರಿ ಎಂದು ಡಾಕ್ಟರು ಕೌಂಟರಿನವರನ್ನೂ ಕರೆಸಿ ಎಲ್ಲರೆದುರು ಕೂಗಾಡಿದಾಗ ನೀನೇ ಎದ್ದು ನಿಂತೆ. "ಸೋಮವಾರ ಒಂದು ಮೇಲ್ ಬಂದಿತ್ತು ಸಾಹೇಬ್ರ. ನಾನ ಒತ್ತೀನ್ರಿ."

ನೀನು ಒತ್ತಿದ್ದು ಬರೀ ಬಟ್ಟೆ ಅಂಗಡಿಯ ಜಾಹೀರಾತು, ಅಪ್ಪಾ. ಕಳ್ಳರು ನುಗ್ಗಿದ್ದು ಅದಕ್ಕೂ ಹಿಂದಿನ ದಿನ, ರವಿವಾರ, ನಾನು ಮುಚ್ಚದೆ ಬಿಟ್ಟ ಆ ದೋಷದಿಂದಲೇ. ನಮ್ಮವರು ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಕೌಂಟರಿಗೆ ಕೀಲಿ ಹಾಕಿತ್ತು. ನೀನು ಪೀರನವಾಡಿಯ ಮನೆಯಲ್ಲಿ ನನ್ನೆದುರು ಕುಳಿತು ಶೇಂಗಾ ಸುಲಿಯುತ್ತಿದ್ದೆ. ಕಂಪ್ಯೂಟರಿನ ದಾಖಲೆ ತೆಗೆದು ನೋಡಿದಾಗ ಮೂರೇ ದಿನದಲ್ಲಿ ನನಗೆ ಇದು ತಿಳಿಯಿತು. ಹೇಳಲೆಂದು ಡಾಕ್ಟರ ಬಾಗಿಲವರೆಗೂ ಹೋದೆ. ಆಮೇಲೆ...

ತಪ್ಪು ನಿನ್ನದೇ ಎಂದುಕೊಂಡು ಕೌಂಟರು ಬಿಟ್ಟ ಮೇಲೆ ನೀನು ಮೊಬೈಲಿಗೂ ಹೆದರಿದೆ. ಯಾರೋ ಹಬ್ಬದ ಶುಭಾಶಯ ಕಳಿಸಿದರೂ ಲ್ಯಾಬಿಗೆ ಫೋನ್ ಮಾಡಿ, "ಇದನ್ನ ಒತ್ತಲೇನವಾ, ಬ್ಯಾಡೋ?" ಎಂದು ಕೇಳುತ್ತಿದ್ದೆ. "ಒತ್ತಪಾ, ಏನೂ ಆಗೂದಿಲ್ಲ, ನನಗ ಕೆಲಸ ಐತಿ" ಎಂದು ನಾನು ಸಿಡುಕುತ್ತಿದ್ದೆ. ನಾಚಿಕೆಗೇಡಿ ನಾನು. ನಿನ್ನ ದನಿ ಕೇಳಿದರೆ ಮೈ ಉರಿಯುತ್ತಿತ್ತು, ನಿನ್ನ ಮೇಲಲ್ಲ. ನೀನು ತೀರಿಕೊಂಡ ದಿನ ನಿನ್ನ ಫೋನಿನಲ್ಲಿ ತೆರೆಯದ ಸಂದೇಶಗಳು ಎಷ್ಟಿದ್ದವು ಗೊತ್ತೇ?

ಹೋದ ವಾರ ಡಾಕ್ಟರಿಗೆ ಎಲ್ಲ ಹೇಳಿದೆ. "ಹಿರೇರಿಗೆ ನಾ ಏನೇನ ಅಂದ್ನಿ..." ಎಂದು ಅವರು ತಲೆ ತಗ್ಗಿಸಿದರು. ನನ್ನ ಕೆಲಸ ಹೋಯಿತು, ಹೋಗಲಿ. ಅವ್ವ ಮಾತ್ರ, "ಅವರು ಇದ್ದಾಗ ಹೇಳಾಕ ನಿನಗೇನ ಧಾಡಿ ಬಡದಿತ್ತು?" ಎಂದವಳು ಇನ್ನೂ ಮಾತು ಬಿಟ್ಟಿದ್ದಾಳೆ.

ನಿನ್ನೆ ಖಾನಾಪುರಕ್ಕೆ ಹೋಗಿ, ಕೌಂಟರಿನ ಮುಂದೆ ಕುಳಿತವರಿಗೂ ಹೇಳಿದೆ. ಒಬ್ಬ ಮುದುಕಿ ನನ್ನನ್ನೇ ನೋಡಿದಳು. "ಮಾಸ್ತರು ನಮ್ಮನೀಗೆ ಬಂದು ಕೈ ಮುಗದು ಹೋಗ್ಯಾರಲ್ಲವಾ. 'ನನ್ನ ಸಲುವಾಗಿ ಎರಡ ಸಲ ಸೂಜಿ ಚುಚ್ಚಿಸಿಕೊಂಡ್ರಿ, ತಪ್ಪಾತು' ಅಂತ. ಮತ್ತ ನಮ್ಮನಿ ಒಂದ ಅಲ್ಲ, ಎಲ್ಲಾರ ಮನೀಗೂ ಹೋಗ್ಯಾರ" ಎಂದಳು.

ಗೆಳೆಯರನ್ನು ನೋಡಿ ಬರುತ್ತೇನೆ ಎಂದು ನೀನು ಪ್ರತಿ ರವಿವಾರ ಬಸ್ಸು ಹತ್ತುತ್ತಿದ್ದದ್ದು ಇದಕ್ಕೇನಪ್ಪಾ?

ಆ ಮನೆಗಳ ವಿಳಾಸ ಬರೆದುಕೊಂಡು ಬಂದಿದ್ದೇನೆ. ನಾಳೆಯಿಂದ ಹೊರಡುತ್ತೇನೆ. ಮಾಸ್ತರದ್ದು ಏನೂ ತಪ್ಪಿಲ್ಲ, ತಪ್ಪು ಮಗಳದ್ದು ಎಂದು ಒಂದೊಂದು ಬಾಗಿಲಲ್ಲೂ ನಿಂತು ಹೇಳುತ್ತೇನೆ. ನಿನ್ನಷ್ಟು ಚಂದ ಮರಾಠಿ ನನಗೆ ಬರುವುದಿಲ್ಲ. ಬಂದಷ್ಟರಲ್ಲೇ ಹೇಳುತ್ತೇನೆ, ಅಪ್ಪಾ.